ಎತ್ತರದ ಪ್ರಕಾರ ನಿಂತ ಬಿಂದಿಗೆಗಳು

ವಕ್ರವಾಗಿರುವ ಯಾವುದನ್ನು ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮದುವೆಮನೆಯಲ್ಲಿ ಪಕ್ಕದವರ ಎಲೆ ಕೊಂಚ ಓರೆಯಾಗಿದ್ದರೆ, ಅವರು ಪಾಯಸಕ್ಕೆ ಕೈ ಹಾಕುವ ಮೊದಲು ನಾನು ಎಲೆಗೆ ಕೈ ಹಾಕಿರುತ್ತೇನೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರ್ ಮಡಚಿಕೊಂಡಿದ್ದರೆ ರಾಮನಗರದಿಂದ ಕನಕಪುರದವರೆಗೆ ನನಗೆ ಕಿಟಕಿಯಾಚೆ ಏನೂ ಕಾಣಿಸುವುದಿಲ್ಲ. ನಮ್ಮ ಯಜಮಾನರು ಮದುವೆಯಾದ ಹೊಸತರಲ್ಲಿ ಬೈತಲೆಯನ್ನು ಸ್ವಲ್ಪ ಸೊಟ್ಟಗೆ ತೆಗೆಯುತ್ತಿದ್ದರು. ಈಗ ಆ ಪ್ರಶ್ನೆಯೇ ಇಲ್ಲ. “ನಿನ್ನ ಕೈಗೆ ಹೆದರಿ ಕೂದಲೇ ಊರು ಬಿಟ್ಟಿತು” ಎನ್ನುತ್ತಾರೆ.

ತಪ್ಪು ನನ್ನದಲ್ಲ, ಕಸುಬಿನದು. ಕನಕಪುರದ ಕಡೆ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಡ್ರಿಲ್ ಟೀಚರಾಗಿದ್ದೆ. ಕೊರಳಲ್ಲಿ ತಾಳಿಯ ಜೊತೆಗೇ ಒಂದು ವಿಶಲ್. ಬೆಳಗಿನ ಪ್ರಾರ್ಥನೆಗೆ ಕುಳ್ಳಿಯರು ಮುಂದೆ, ಎತ್ತರದವರು ಹಿಂದೆ, ನಡುವೆ ಒಂದು ತೋಳಿನ ಅಂತರ. ನಿವೃತ್ತಿಯಾಗಿ ರಾಮನಗರದ ಈ ಮನೆಗೆ ಬಂದಮೇಲೆ ಹುಡುಗಿಯರಿಲ್ಲದ ಕೊರತೆಯನ್ನು ಅಡುಗೆಮನೆಯ ಡಬ್ಬಿಗಳು ತುಂಬಿವೆ. ಸಾಸಿವೆ ಮುಂದೆ, ಅಕ್ಕಿ ಹಿಂದೆ. ಯಜಮಾನರು ಕಾಫಿಪುಡಿ ತೆಗೆದುಕೊಂಡು ಡಬ್ಬಿಯನ್ನು ಬೇರೆ ಕಡೆ ಇಟ್ಟರೆ ನನಗೆ ಹಜಾರದಲ್ಲಿ ಕೂತಲ್ಲೇ ಗೊತ್ತಾಗುತ್ತದೆ.

ಒಮ್ಮೆ ಸಮಾಜ ಪಾಠದ ಟೀಚರಿಗೆ ವರ್ಗವಾಗಿ, ಬದಲಿಗೆ ಯಾರೂ ಬರದೆ, ಹೆಡ್‌ಮೇಡಂ ಆ ಪಾಠವನ್ನೂ ನನ್ನ ತಲೆಗೆ ಕಟ್ಟಿದರು. ಮೊದಲನೆಯ ಪಾಠವೇ ನದೀ ಬಯಲಿನ ನಾಗರಿಕತೆಗಳು. ನಾನು ಅದನ್ನು ಡ್ರಿಲ್‌ನಂತೆಯೇ ಮಾಡಿದೆ. ನೈಲ್ ನದಿ ನನಗೆ ಬಹಳ ಹಿಡಿಸಿತು. ಪ್ರತಿ ವರ್ಷ ಹೊತ್ತಿಗೆ ಸರಿಯಾಗಿ ಬಂದು, ಮೆಕ್ಕಲು ಮಣ್ಣು ಹಾಸಿ, ಹೇಳಿದ ಹೊತ್ತಿಗೆ ಹಿಂದೆ ಸರಿಯುವ ಶಿಸ್ತಿನ ನದಿ. ಟೈಗ್ರಿಸ್, ಯೂಫ್ರೆಟಿಸ್ ಹಾಗಲ್ಲ. ಬೆಲ್ ಹೊಡೆದ ಮೇಲೆ ಬರುವ ಜಾತಿ, ಮನಸ್ಸು ಬಂದಾಗ ಉಕ್ಕಿ ಹರಿಯುವಂಥವು. ಅವುಗಳ ದಡದಲ್ಲಿದ್ದ ಪಾಪದ ಜನ ಕಾಲುವೆ ತೋಡಿ, ಒಡ್ಡು ಕಟ್ಟಿ, ಯಾರ ಹೊಲಕ್ಕೆ ಮೊದಲು ನೀರು ಎಂದು ಜಗಳವಾಡಿ, ಜಗಳ ತೀರಿಸಲು ಒಬ್ಬ ಯಜಮಾನನನ್ನು ಕೂರಿಸಿಕೊಂಡು, ಅವನಿಗೆ ಧಾನ್ಯ ಅಳೆದು ಕೊಟ್ಟು ಬದುಕಿದರು. ಆದರೆ ನನ್ನ ಮನಸ್ಸು ಗೆದ್ದದ್ದು ಸಿಂಧೂ ಬಯಲಿನ ಮೊಹೆಂಜೊದಾರೊ. ನೆಟ್ಟಗಿನ ಬೀದಿಗಳು, ಮುಚ್ಚಿದ ಚರಂಡಿ, ಒಂದೇ ಅಳತೆಯ ಇಟ್ಟಿಗೆ! ನಾನು ಅಲ್ಲಿ ಹುಟ್ಟಬೇಕಾಗಿತ್ತು ಎಂದು ಕ್ಲಾಸಿನಲ್ಲೇ ಹೇಳಿಬಿಟ್ಟೆ. ಆಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. “ಮಿಸ್, ಅಲ್ಲಿ ರಾಜ ಯಾರು?”

ಪುಸ್ತಕದಲ್ಲಿ ನೋಡಿದರೆ, ಅರಮನೆ ಎಂದು ಖಚಿತವಾಗಿ ಹೇಳುವಂಥದ್ದು ಸಿಕ್ಕಿಲ್ಲ, ಆಳಿದವರು ಯಾರೆಂದು ತಿಳಿದಿಲ್ಲ ಎಂದಿತ್ತು. ನನಗೆ ಮೈಯೆಲ್ಲ ಉರಿಯಿತು. ವಿಶಲ್ ಊದುವವರಿಲ್ಲದೆ ಇಬ್ಬರು ಹುಡುಗಿಯರು ನೆಟ್ಟಗೆ ನಿಲ್ಲುವುದಿಲ್ಲ, ಇನ್ನು ಒಂದು ಊರು ನಿಂತೀತೆ? ಅದೇ ಪುಟದಲ್ಲಿ ಶಾಲು ಹೊದ್ದ ಗಡ್ಡದವನೊಬ್ಬನ ಶಿಲ್ಪವಿತ್ತು. “ಇವನೇ ಇರಬೇಕು. ವಿಶಲ್ ಇನ್ನೂ ಸಿಕ್ಕಿಲ್ಲ, ಅಗೆಯುತ್ತಿದ್ದಾರೆ” ಎಂದು ಪಾಠ ಮುಗಿಸಿದೆ.

ಇಷ್ಟೆಲ್ಲ ನೆನಪಾಗಲು ಕಾರಣ ನಮ್ಮ ಬೋರ್‌ವೆಲ್ ಮೋಟರು. ಹೋದ ತಿಂಗಳು ಅದು ಸುಟ್ಟುಹೋಯಿತು. ರಿಪೇರಿಯವನು ಎತ್ತಿಕೊಂಡು ಹೋಗಿ, ಕೇಳಿದಾಗೆಲ್ಲ “ನಾಳೆ ಕೊಟ್ಬುಡ್ತೀನಿ ಮೇಡಂ” ಎನ್ನತೊಡಗಿದ. ಅಲ್ಲಿಯವರೆಗೆ ಬೀದಿ ಮೂಲೆಯ ತೊಂಬೆಯೇ ಗತಿ. ತೊಂಬೆ ಎಂದರೆ ನಾಲ್ಕು ನಲ್ಲಿಯ ಸಿಮೆಂಟಿನ ಟ್ಯಾಂಕು. ನಲ್ಲಿ ನಾಲ್ಕಿದ್ದರೂ ನೀರು ಬರುವುದು ಒಂದರಲ್ಲೇ, ಅದೂ ದಿನ ಬಿಟ್ಟು ದಿನ, ಟೈಗ್ರಿಸ್ ನದಿಯ ಸ್ವಭಾವದಲ್ಲಿ. ಅರ್ಕಾವತಿಯ ದಡದಲ್ಲಿರುವ ನಾವೂ ನದೀ ಬಯಲಿನವರೇ, ಆದರೆ ಆ ನದಿಯ ನೀರನ್ನು ಬಿಂದಿಗೆಗೆ ತುಂಬುವ ಧೈರ್ಯ ಈಗ ಯಾರಿಗೂ ಇಲ್ಲ.

ಮೊದಲ ದಿನ ಚಳಿಗೆ ಶಾಲು ಹೊದ್ದು, ಸಣ್ಣ ಸ್ಟೀಲ್ ಬಿಂದಿಗೆ ಹಿಡಿದು, ಬೆಳಕು ಹರಿಯುವ ಹೊತ್ತಿಗೇ ಹೋದೆ. ತೊಂಬೆಯ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದದ್ದು ಒಂದು ಸಾಲು. ಸಾಲು ಎಂದರೆ ಆ ಪದಕ್ಕೆ ಅವಮಾನ. ಎದೆಯೆತ್ತರದ ಡ್ರಮ್ಮು, ಬಳಿಕ ನೀಲಿ ಕೊಡ, ಬಳಿಕ ಬಣ್ಣದ ಡಬ್ಬ, ಕೊನೆಯಲ್ಲಿ ಅಡಗಿಕೊಂಡ ಪುಟ್ಟ ಕೊಡಗಳು. ಎಲ್ಲಕ್ಕೂ ಮೊದಲು, ನಲ್ಲಿಯ ಬುಡದಲ್ಲೇ, ಒಂದು ಕಲ್ಲು! ನಡುವೆ ಎಲ್ಲೋ ಒಂಟಿ ಹವಾಯಿ ಚಪ್ಪಲಿ. ನಾನು ಬಿಂದಿಗೆ ಕೆಳಗಿಟ್ಟು ಸೆರಗು ಸಿಕ್ಕಿಸಿದೆ. ಕಲ್ಲು, ಚಪ್ಪಲಿಗಳನ್ನು ಯೂನಿಫಾರ್ಮ್ ಹಾಕದೆ ಬಂದವರಂತೆ ಪಕ್ಕಕ್ಕೆ ನಿಲ್ಲಿಸಿ, ಮಿಕ್ಕವರನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದೆ. ಕುಳ್ಳರು ಮುಂದೆ, ಉದ್ದದವರು ಹಿಂದೆ. ನನ್ನ ಬಿಂದಿಗೆಯೇ ಎಲ್ಲಕ್ಕಿಂತ ಕುಳ್ಳಗಿದ್ದುದರಿಂದ ಅದು ತಾನಾಗಿಯೇ ಮೊದಲು ಬಂತು. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ ಎಂದು ಇವತ್ತಿಗೂ ಹೇಳುತ್ತೇನೆ. “ಎಲ್ಲ ಅರಮನೆಗಳೂ ಹಾಗೇ ತಾನಾಗಿ ಎದ್ದದ್ದು” ಎಂದು ಯಜಮಾನರು ಇವತ್ತಿಗೂ ಹೇಳುತ್ತಾರೆ.

ನಲ್ಲಿ ಕೆಮ್ಮಿ ನೀರು ಬಂದದ್ದೇ ತಡ, ಬೀದಿಗೆ ಬೀದಿಯೇ ಓಡಿ ಬಂತು. ಎದುರುಮನೆಯ ಸಾಕಮ್ಮ ಮುಂದೆ ಬಂದು ನಿಂತವಳು ನಲ್ಲಿಯ ಬುಡ ನೋಡಿ ಕೂಗಿದಳು.

“ನಮ್ ಕಲ್ಲ ಎತ್ತಿದೋರ್ ಯಾರು?”

“ಯಾವ ಕಲ್ಲು ಸಾಕಮ್ಮ?”

“ನಮ್ಮನೆ ಕಲ್ಲು ಕಣ್ ಟೀಚರಮ್ಮ! ಮೊದ್ಲುಗೇ ಮಡಗಿದ್ನಲ್ಲ!”

“ಕಲ್ಲಿನಲ್ಲಿ ನೀರು ಹಿಡಿಯೋಕಾಗುತ್ತೇನೇ?”

“ಕಲ್ಲಲ್ಲಿ ಯಾಕ್ ಹಿಡೀಲಿ? ಕಲ್ಲು ಅಂದ್ರೆ ನಾನು!”

ಚಪ್ಪಲಿ ಎಂದರೆ ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಶಾಹಿನಾ ತನ್ನ ಡ್ರಮ್ಮು ಹುಡುಕಿಕೊಂಡು ಕೊನೆಯವರೆಗೂ ನಡೆದಳು. ಅವರ ಮನೆಯಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಾರೆ. “ಟೀಚರಕ್ಕಾ, ನನ್ ಡ್ರಮ್ ಏನ್ ತಪ್ಪು ಮಾಡ್ತು? ಸಾಕಮ್ಮಕ್ಕನ್ ಹಿಂದೇನೇ ಇತ್ತಲ್ಲ!” ಎಂದಳು. ಹಳೆಯ ಸಾಲೇ ಇರಲಿ ಎಂದು ನಾಲ್ಕಾರು ಜನ ಕೂಗಿದರು. ಆದರೆ ಮೂಲೆಮನೆಯ ಪುಟ್ಟತಾಯಮ್ಮನ ಪುಟ್ಟ ಕೊಡಗಳು ನನ್ನ ದಯೆಯಿಂದ ಕೊನೆಯಿಂದ ಮುಂದಕ್ಕೆ ಬಂದಿದ್ದವು. ಆಕೆ ಅವುಗಳ ಮೇಲೆ ಕೈಯಿಟ್ಟು ನಿಂತುಬಿಟ್ಟಳು. “ಟೀಚರಮ್ಮೋರು ಓದ್ದೋರು, ರೂಲ್ಸ್ ಮಾಡವ್ರೆ. ರೂಲ್ಸ್ ಅಂದ್ರೆ ರೂಲ್ಸು!” ಹೊಸ ರಾಜ್ಯಕ್ಕೆ ಮೊದಲ ಮಂತ್ರಿ ಹೀಗೆ ಸಿಕ್ಕಿದಳು. ಕೊಡಕ್ಕೆ ಕೊಡ ತಾಗಿತು, ಮಾತಿಗೆ ಮಾತು ಬೆಳೆಯಿತು. ನಿವೃತ್ತಿಯಾದರೂ ನನ್ನನ್ನು ಬಿಡದ ವಿಶಲನ್ನು ಸೊಂಟದಿಂದ ತೆಗೆದು ಊದಿದೆ. ಬೀದಿ ತನ್ನ ಜಗಳ ಬಿಟ್ಟಿತು. ಆಮೇಲೆ ಎಲ್ಲರೂ ಸೇರಿ ನನ್ನ ಮೇಲೆ ತಿರುಗಿದರು. ಆ ಗದ್ದಲದಲ್ಲೇ ಕುಳ್ಳ ಕೊಡಗಳೆಲ್ಲ ತುಂಬಿದವು. ಉದ್ದದವರ, ಕಲ್ಲಿನವರ ಸರದಿ ಬರುವ ಹೊತ್ತಿಗೆ ನಲ್ಲಿ ಗಾಳಿ ಉಗುಳಿ ನಿಂತಿತು.

ಸಾಕಮ್ಮ ಕೂಗುವುದನ್ನು ಬಿಟ್ಟು ತನ್ನ ಕಲ್ಲಿನ ಮೇಲೆಯೇ ಕುಳಿತಳು. ಅವಳು ಕೂಗುತ್ತಿದ್ದಾಗಲೇ ವಾಸಿಯಾಗಿತ್ತು. “ಮಗ್ಳು ಮೈಗೆಲ್ಲ ಎಣ್ಣೆ ಹಚ್ಕಂಡು ಕುಂತವ್ಳೆ. ಕೂಸ್ಗೂ ಹಚ್ಚಾಗೈತೆ. ಒಲೆ ಉರೀತಾ ಐತೆ, ಹಂಡೇಲಿ ತಳ್ದಾಗೆ ಎರಡು ಚೆಂಬು ನೀರೈತೆ. ಬಾಣಂತಿ ಎಣ್ಣೆ ಮೈಲಿ ನಾಳಿದ್ದಿನ್ ತಂಕ ಕೂತಿರ್ಲಾ?” ಎಂದಳು.

ಮಗಳು ವಿರೂಪಾಕ್ಷಿಪುರದಿಂದ ಹೆರಿಗೆಗೆ ಬಂದದ್ದು ನನಗೆ ಗೊತ್ತಿತ್ತು. ಕೂಸು ಹುಟ್ಟಿದ ದಿನ ಕಲ್ಲುಸಕ್ಕರೆ ತಿಂದು ಬಂದವಳು ನಾನೇ. ಆ ಕಲ್ಲು ಬಾಣಂತಿಯ ಕಲ್ಲು ಎಂದು ಮಾತ್ರ ಗೊತ್ತಿರಲಿಲ್ಲ. ಬಾಣಂತಿ ಇರುವ ಮನೆಗೆ ಮೊದಲ ನೀರು, ಒಲೆಯ ಮೇಲೆ ಗೂಡು ಬೇಯುತ್ತಿರುವ ಮನೆಗೆ ಎರಡನೆಯದು, ಹೋದ ಸಲ ಬೇಗ ಹಿಡಿದವರು ಈ ಸಲ ಹಿಂದಕ್ಕೆ. ಆ ಸೊಟ್ಟ ಸಾಲಿನ ಒಂದೊಂದು ಸೊಟ್ಟಿಗೂ ಒಂದೊಂದು ಮನೆಯ ಕಾರಣವಿತ್ತು.

ನಾನು ನನ್ನ ಬಿಂದಿಗೆ ಎತ್ತಿ ಸಾಕಮ್ಮನ ಹಂಡೆಗೆ ಸುರಿದೆ. ಹಂಡೆ ಅದನ್ನು ನುಂಗಿ ಇನ್ನೂ ಬಾಯಿ ತೆರೆದೇ ಇತ್ತು. ಗಲಾಟೆ ಕೇಳಿ ಬಂದ ಯಜಮಾನರು ನನ್ನ ಶಾಲನ್ನೂ ವಿಶಲನ್ನೂ ಒಮ್ಮೆ ನೋಡಿ, “ಗಡ್ಡ ಒಂದು ಕಡಿಮೆ” ಎಂದು ಮನೆಯೊಳಗಿನ ಬಕೆಟ್ಟು ತಂದುಕೊಟ್ಟರು. ಬಕೆಟ್ಟು ಹಿಡಿದು ಮನೆಮನೆಯ ಮುಂದೆ ನಿಂತೆ. ರಾಜ್ಯ ಸ್ಥಾಪನೆ, ಯುದ್ಧ, ಈಗ ಕಂದಾಯ ವಸೂಲಿ. ಟೈಗ್ರಿಸ್ ದಡದ ಸುಮೇರಿನವರಿಗೆ ಶತಮಾನಗಳು ಹಿಡಿದದ್ದನ್ನು ನಾನು ಕಾಫಿಗೆ ಮುಂಚೆ ಮುಗಿಸಿದ್ದೆ. ಶಾಹಿನಾ ಒಳಗಿನಿಂದ ಒಂದು ಕೊಡ ತಂದು ಸುರಿದಳು. “ಇದು ಕುಡಿಯೋಕೆ ಇಟ್ಟಿದ್ದು ಅಕ್ಕಾ. ನನ್ ಡ್ರಮ್ಮು ಉದ್ದ ಬೆಳ್ದಿದ್ದಕ್ಕೆ ದಂಡ ಅಂದ್ಕೊಳ್ಳಿ” ಎಂದು ನಕ್ಕಳು. ಪುಟ್ಟತಾಯಮ್ಮ ಮಾತ್ರ ಬಾಗಿಲಲ್ಲೇ ನಿಂತು, “ಇದ್ಯಾವ್ ರೂಲ್ಸು? ಆಗ ಹೇಳ್ಲೇ ಇಲ್ವಲ್ಲ!” ಎಂದು ಅರ್ಧ ಕೊಡಕ್ಕೆ ಒಪ್ಪಿದಳು. ಬಕೆಟ್ಟು ಹಂಡೆಗೆ ಬಗ್ಗಿದಾಗ ಏನನ್ನಿಸಿತೋ, ಮಿಕ್ಕ ಅರ್ಧವನ್ನೂ ತಾನೇ ತಂದು ಸುರಿದಳು.

ಹಂಡೆ ತುಂಬಿತು, ಕಾಯಿತು. ಸ್ವಲ್ಪ ಹೊತ್ತಿಗೆ ಬಚ್ಚಲುಮನೆಯಿಂದ ಬಿಸಿನೀರು ತಾಕಿದ ಕೂಸು ಊರು ಒಂದಾಗುವಂತೆ ಅತ್ತಿತು. ಬೀದಿಯಲ್ಲಿ ನಿಂತಿದ್ದವರೆಲ್ಲ ಸಮಾಧಾನದಿಂದ ನಕ್ಕರು.

“ಈ ಸಾಲಿನ ರೂಲ್ಸೆಲ್ಲ ಮಾಡಿದ್ದು ಯಾರು ಸಾಕಮ್ಮ?” ಎಂದು ಕೇಳಿದೆ.

“ಯಾರ್ ಮಾಡ್ತಾರೆ ಟೀಚರಮ್ಮ? ಇಂಗೇ ಐತೆ” ಎಂದಳು. ಹಿಂದಿನ ಬೆಂಚಿನ ಆ ಹುಡುಗಿ ಈಗ ಎಲ್ಲಿದ್ದಾಳೋ! ಸಿಕ್ಕರೆ, ವಿಶಲ್‌ಗಾಗಿ ಅಗೆಯುವುದು ಬೇಡ ಎಂದು ಹೇಳಬೇಕು.

ಆದರೂ ವಿಶಲ್‌ಗೆ ಒಂದು ಕೆಲಸ ಸಿಕ್ಕಿತು. “ನೀವೆಂಗೂ ಬೇಗ ಏಳ್ತೀರ. ನೀರ್ ಬಂದೇಟ್ಗೆ ಒಸಿ ಊದ್ಬುಡಿ. ಊದಾದ್ಮೇಲೆ ಸುಮ್ಕಿರಿ” ಎಂದು ಸಾಕಮ್ಮ ಅಪ್ಪಣೆ ಕೊಡಿಸಿದಳು. ಯಜಮಾನರಿಗೆ ಇದರಿಂದ ಬಹಳ ಸಂತೋಷ. ಮುಂದೊಂದು ಕಾಲದಲ್ಲಿ ಈ ಬೀದಿ ಅಗೆದವರಿಗೆ ನನ್ನ ವಿಶಲ್ ಸಿಕ್ಕರೆ, ಪೂಜೆಗೆ ಬಳಸುತ್ತಿದ್ದ ವಸ್ತು, ಉಳಿದ ಉಪಯೋಗ ತಿಳಿದಿಲ್ಲ ಎಂದು ಬರೆಯುತ್ತಾರಂತೆ.

ಮುಂದಿನ ನೀರಿನ ದಿನ ಹೋದಾಗ ಸಾಲು ಮತ್ತೆ ಮೊದಲಿನಷ್ಟೇ ಸೊಟ್ಟಗಿತ್ತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದೆ. ಎಲ್ಲಕ್ಕೂ ಕೊನೆಯಲ್ಲಿ ಒಂದು ಹೊಸ ಕಲ್ಲು ಕೂತಿತ್ತು. “ಅದು ನೀವು” ಎಂದಳು ಸಾಕಮ್ಮ, ತನ್ನ ಜಗಲಿಯಿಂದಲೇ. ನನ್ನ ಕಣ್ಣು ನಿಜವಾಗಿಯೂ ತುಂಬಿಬಂತು. ಅವಳು ಒಳಗೆ ಹೋಗುವವರೆಗೂ ಕಾದು ನಿಂತೆ. ನನ್ನ ಕಲ್ಲು ಮುಂದಿನ ಕೊಡಕ್ಕಿಂತ ಸ್ವಲ್ಪ, ತೀರಾ ಸ್ವಲ್ಪ, ಎಡಕ್ಕಿತ್ತು. ಕೈಗಳನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು ಕಾಲಿನ ಹೆಬ್ಬೆಟ್ಟನ್ನು ಮೆಲ್ಲಗೆ ಮುಂದೆ ಚಾಚಿದೆ.

“ಟೀಚರಮ್ಮೋ, ಕಾಲು!” ಎಂದಿತು ಕಿಟಕಿ.