ಮಲೇರಿಯಾ ಸಾಹೇಬನ ಇಸ್ಪೀಟ್ ಕಟ್ಟು

ಸರ್ಕಾರಿ ನೌಕರನ ಜೇಬಿನಲ್ಲಿ ಪೆನ್ನು ಇರಬಹುದು, ಅಡಿಕೆ ಚೂರು ಇರಬಹುದು, ರಜೆ ಅರ್ಜಿಯೂ ಇರಬಹುದು. ಇಸ್ಪೀಟ್ ಎಲೆ ಮಾತ್ರ ಇರಬಾರದು. ನನ್ನ ಜೇಬಿನಲ್ಲಿ ನೌಕರಿಯುದ್ದಕ್ಕೂ ಪೂರ್ತಿ ಕಟ್ಟೇ ಇತ್ತು. ಹೀಗಾಗಿ ಬೇರೆಯವರಿಗೆ ಜನ್ಮಕ್ಕೊಮ್ಮೆ ಆಗುವ ಫಜೀತಿ ನನಗೆ ಸಂತೆಗೊಮ್ಮೆ ಆಗುತ್ತಿತ್ತು.

ನಾನು ಮಲೇರಿಯಾ ಕೆಲಸದವನು. ನಮ್ಮ ಶಹಾಪುರ, ಸುರಪುರದ ಸೀಮೆಗೆ ಆಗ ಕಾಲುವೆ ನೀರು ಬಂದ ಹೊಸತು. ಜೋಳ, ತೊಗರಿ ಬಿಟ್ಟು ಬೇರೇನೂ ಕಂಡಿರದ ಹೊಲಗಳಲ್ಲಿ ಭತ್ತ ನಿಂತಿತು. ನೀರಿನ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು, ಚಳಿಜ್ವರದ ಹಿಂದೆ ಸೈಕಲ್ ತುಳಿಯುತ್ತ ನಾನು ಬಂದೆ. ಊರೂರು ತಿರುಗಿ, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿ ಯಾದಗಿರಿಗೆ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಸೊಳ್ಳೆಗೆ ಮೈಯೊಡ್ಡಿ ನೆಮ್ಮದಿಯಾಗಿ ಮಲಗುತ್ತಿದ್ದ ಜನ ನನ್ನ ಸೈಕಲ್ ಗಂಟೆ ಕೇಳಿದರೆ ಹಿತ್ತಲ ಬಾಗಿಲಿನಿಂದ ಓಡುತ್ತಿದ್ದರು. ನಾನು ರಕ್ತ ಒಯ್ದು ಮಾರುತ್ತೇನೆಂದು ಸುದ್ದಿ ಬೇರೆ ಇತ್ತು.

ಇರುವೆ

ಯಾದಗಿರಿ ಸ್ಟೇಷನ್ನಿನ ಹೊರಗೆ ಒಬ್ಬ ಜಾದೂಗಾರ ಟವೆಲ್ ಹಾಸಿಕೊಂಡು ಕೂತಿರುತ್ತಿದ್ದ. ಒಂದು ದಿನ ನನ್ನ ಕೈಗೆ ಇಸ್ಪೀಟ್ ಎಲೆಯೊಂದನ್ನು ಕೊಟ್ಟು, ಅದರ ಬೆನ್ನು ನೋಡಿಯೇ ಇಂಥ ಎಲೆ ಎಂದು ಹೇಳಿಬಿಟ್ಟ. ನಾನು ಬಾಯಿ ತೆರೆದು ನಿಂತಿದ್ದೆ. ಆಗ ಯಾರೋ ಟ್ರಂಕು ಹೊತ್ತವನು ನನ್ನ ಕಾಲು ತುಳಿದು ಹೋಗಿದ್ದಾನೆ. ನನಗದು ಗೊತ್ತಾದದ್ದು ಮನೆಗೆ ಬಂದು ಹೆಬ್ಬೆರಳು ನೋಡಿಕೊಂಡಾಗ. ಕಾಲು ತುಳಿದದ್ದೇ ಗೊತ್ತಾಗದಿದ್ದರೆ ಸೂಜಿ ಚುಚ್ಚಿದ್ದು ಯಾರಿಗೆ ಗೊತ್ತಾದೀತು?

ಮರುದಿನವೇ ಹೋಗಿ ಅವನಿಗೆ ದುಂಬಾಲು ಬಿದ್ದು ಅಂಥದೇ ಒಂದು ಕಟ್ಟು ತಂದೆ. ಎಲ್ಲ ಎಲೆಗಳ ಬೆನ್ನಿಗೂ ನೀಲಿ ಹೂಬಳ್ಳಿ. ಹೂವಿನ ಯಾವ ಎಸಳಿಗೆ ಶಾಯಿ ತುಂಬಿದೆ ಎಂದು ನೋಡಿದರೆ ಅದು ಏಳೋ ಎಂಟೋ ರಾಣಿಯೋ ಗೊತ್ತಾಗುತ್ತದೆ. ಬಳ್ಳಿ ಎಲ್ಲಿ ತುಂಡಾಗಿದೆ ಎಂದು ನೋಡಿದರೆ ಇಸ್ಪೀಟೋ, ಬದಾಮೋ, ಚೌಕಟ್ಟೋ, ಕಿಲಾವರೋ ತಿಳಿಯುತ್ತದೆ. ಗೊತ್ತಿಲ್ಲದವರಿಗೆ ಅದು ಬರೀ ಬಳ್ಳಿ.

ಮೊದಲ ಗಿರಾಕಿ ಸಿಕ್ಕಿದ್ದು ರಾಮಸಮುದ್ರದಲ್ಲಿ. ನನ್ನನ್ನು ಕಂಡು ಎರಡು ಸಲ ಜಾಲಿಗಿಡದ ಮರೆಗೆ ಓಡಿದ್ದ ರೈತ. ಗುಡಿಯ ಕಟ್ಟೆಯ ಮೇಲೆ ಕೂರಿಸಿ ಅವನ ಬಲಗೈಗೆ ಎಲೆ ಕೊಟ್ಟೆ, ಎಡಗೈ ನಾನು ಹಿಡಿದುಕೊಂಡೆ. ಅವನು ಎಲೆಯನ್ನೇ ದಿಟ್ಟಿಸುತ್ತಿದ್ದ. ನಾನು "ಕಿಲಾವರ್ ಒಂಬತ್ತು" ಎನ್ನುವುದರೊಳಗೆ ಸೂಜಿಯೂ ಆಗಿತ್ತು, ಹನಿಯೂ ಪಟ್ಟಿಗೆ ಇಳಿದಿತ್ತು.

"ಎಪ್ಪಾ, ಖರೆ ಹೇಳಿದ್ರಲ್ರಿ!" ಎಂದು ಅವನು ಬೆರಳು ಉಜ್ಜಿಕೊಂಡ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಸಾಹೇಬ್ರ, ಈ ಕಟ್ಟಿ ಮ್ಯಾಲ ಇರಿವಿ ಭಾಳ ಅದಾವು. ನಂಗ ಈಗ ಒಂದು ಕಡೀತು. ನೀವೂ ಜರಾ ನೋಡಿ ಕುಂದರ್ರಿ" ಎಂದ.

ಅವ್ವನ ಪ್ರಶ್ನೆ

ನನ್ನ ಅಂಗಿ ಒಗೆಯುವಾಗ ಅವ್ವನಿಗೆ ಆ ಕಟ್ಟು ಸಿಕ್ಕಿತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಮುಂದೆ ಕೂತುಬಿಟ್ಟಳು. ನನ್ನ ಅಪ್ಪ ಇರುವವರೆಗೂ ಇಸ್ಪೀಟಿನ ಹುಚ್ಚಿನಲ್ಲಿದ್ದವನು. ಆ ಹುಚ್ಚಿನ ಕಷ್ಟ ಉಂಡವಳು ಅವಳು.

"ನಿಂಗ ಯಾರ್ ಹೆಣ್ಣ್ ಕೊಡ್ತಾರೋ ಯಪ್ಪಾ?" ಎಂದಳು. ಅದೊಂದೇ ಅವಳ ಚಿಂತೆ. ಆಗಲೇ ಎರಡು ಮನೆಯವರು, ಹುಡುಗ ಊರೂರು ತಿರುಗಿ ರಕ್ತ ತೆಗೆಯುತ್ತಾನೆ ಎಂದು ಬೇಡ ಅಂದಿದ್ದರು. ಇನ್ನು ಇಸ್ಪೀಟೂ ಸೇರಿದರೆ ಮುಗಿದೇ ಹೋಯಿತು.

ನಾನು ಅವಳ ಮುಂದೆ ಕೂತು, ಇದು ಆಡುವ ಕಟ್ಟಲ್ಲ, ಸೂಜಿ ಮರೆಸುವ ಕಟ್ಟು ಎಂದು ತಿಳಿಸಿ ಹೇಳಿದೆ. ಒಂದು ಎಲೆ ಆರಿಸಲು ಹೇಳಿ, ಅದು ಬದಾಮ್ ರಾಣಿ ಎಂದು ಬೆನ್ನು ನೋಡಿಯೇ ಹೇಳಿದೆ. ಅವ್ವ ಎಲೆ ತಿರುಗಿಸಿ ನೋಡಿದಳು, ನನ್ನ ಮುಖ ನೋಡಿದಳು. ಎದ್ದುಹೋಗಿ ಕಟ್ಟನ್ನು ಗೋಡೆಯ ದೇವರ ಮಾಡದಲ್ಲಿಟ್ಟು, ಮೇಲಿದ್ದ ಅದೇ ಬದಾಮ್ ರಾಣಿಯ ಬೆನ್ನಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿದಳು. ಆ ಕುಂಕುಮ ಕೊನೆಯವರೆಗೂ ಹೋಗಲಿಲ್ಲ. ಆ ಎಲೆ ಮುಟ್ಟಿದವರ ಬೆರಳೆಲ್ಲ ಕೆಂಪಾಗುತ್ತಿತ್ತು.

ಕೈ ಮುಗಿದು ಈಚೆ ಬಂದವಳು ಕೇಳಿದಳು: "ಹಿಂಗ ಗುರುತಿರೋ ಎಲಿ ಸಿಗ್ತಾವಂದ್ರ ನಿಮ್ಮಪ್ಪ ಯಾಕ ಸೋತ ಸೋತ ಬರ್ತಿದ್ನೋ?"

ಹೋತ ಮತ್ತು ಅಳಿಯ

ದೋರನಹಳ್ಳಿಯ ಆಚೆ ಕುರಿ, ಆಡು ಸಾಕುವವರ ಒಂದು ಮನೆ. ಆ ಮನೆಯ ಮುದುಕಿ ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು. ಮಲೇರಿಯಾ ಅಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಬೆರಳು ಮಾತ್ರ ಕೊಡಲೊಲ್ಲಳು. ಎಲೆಯಾಟ ತೋರಿಸಿದೆ. ಮೂರು ಎಲೆ ಹೇಳಿದೆ, ಮೂರೂ ಸರಿ. ಮುದುಕಿಗೆ ಏನೂ ಅನ್ನಿಸಲಿಲ್ಲ.

"ಮುಚ್ಚಿಟ್ಟದ್ದು ನಿಂಗ ಕಾಣ್ತದ ಹೌದಿಲ್ಲೋ? ಹಂಗಾರ ನಮ್ಮ ಹೋತ ಎಲ್ಲಿ ಹೋಗ್ಯಾದ ಹೇಳು. ಹೇಳಿದ್ರ ಬೆರಳು, ಇಲ್ಲಾಂದ್ರ ನಿನ್ನ ದಾರಿ ನೀ ಹಿಡಿ."

ಹೋತಕ್ಕೂ ನನಗೂ ಏನು ಸಂಬಂಧ? ಆದರೆ ಅವಳ ನಡುಕ ನೋಡಲಾಗುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಹಸಿರು ಹುಲ್ಲು ಇದ್ದದ್ದು ಒಂದೇ ಕಡೆ. ಒಂದು ಎಲೆ ಎತ್ತಿ, ಅದನ್ನೇ ನೋಡಿದಂತೆ ಮಾಡಿ, "ಕಾಲುವೆ ದಂಡಿಗದ ನೋಡವ್ವಾ" ಎಂದೆ. ಮಗ ಓಡಿಹೋಗಿ ಸ್ವಲ್ಪ ಹೊತ್ತಿಗೆ ಹೋತದ ಕೊಂಬು ಹಿಡಿದು ಎಳೆದು ತಂದ. ಮುದುಕಿ ಕಂಬಳಿಯಿಂದ ಎರಡೂ ಕೈ ಹೊರಗೆ ಹಾಕಿ, "ಯಾವ ಬೆರಳು ಬೇಕೋ ತಗೋ ನನ ಮಗನ" ಎಂದಳು. ಗುಳಿಗೆ ನುಂಗಿ ಗಟ್ಟಿಯಾದಳು. ಅವಳು ಎದ್ದು ಓಡಾಡಿದ್ದನ್ನು ನೋಡಿ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ!

ಮುಂದಿನ ಸಲ ಹೋದಾಗ ಊರಿನವರೆಲ್ಲ ಬೆರಳು ಮುಂದೆ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಎಲ್ಲರದ್ದೂ ಏನಾದರೂ ಒಂದು ಕಳೆದಿತ್ತು. ಎಮ್ಮೆ, ಮೂಗುತಿ, ಕೊಡಲಿ. ಕೊನೆಗೆ ಒಬ್ಬ ಮುದುಕ ಕಣ್ಣೀರು ತುಂಬಿಕೊಂಡ ಮಗಳನ್ನು ಮುಂದೆ ನಿಲ್ಲಿಸಿದ. "ಅಳಿಯ ಸಿಟ್ಟಿಗೆದ್ದು ಹೋಗ್ಯಾನ್ರಿ. ಎಲಿ ನೋಡಿ ಹೇಳ್ರಿ, ಎಲ್ಲಿ ಅದಾನ?"

ನನಗೆ ಬರುತ್ತಿದ್ದದ್ದು ಒಂದೇ ಉತ್ತರ. "ಕಾಲುವೆ ದಂಡಿಗೆ" ಎಂದೆ. ಅಲ್ಲೇ ಸಿಕ್ಕ. ಕಾಲುವೆ ಅಗೆಯುವ ಕೂಲಿಗೆ ಸೇರಿಕೊಂಡಿದ್ದನಂತೆ.

ಜೂಜಲ್ರಿ ಸಾಹೇಬ್ರ

ಆ ಅಳಿಯನ ನೆವದಿಂದಲೇ ಕಾಲುವೆ ಕೂಲಿಯವರ ಗುರುತಾಯಿತು. ಸುರಪುರದ ಕಡೆ ಒಂದು ಬೇವಿನ ಮರದ ಕೆಳಗೆ ಅವರ ಬುತ್ತಿ ಊಟ ಮುಗಿದ ಹೊತ್ತು. ಸುತ್ತ ಕೂರಿಸಿಕೊಂಡು ಎಲೆ ಹಂಚಿ, ಒಬ್ಬೊಬ್ಬರದೇ ರಕ್ತ ತೆಗೆಯುತ್ತಿದ್ದೆ. ಅಷ್ಟರಲ್ಲಿ ಪೊಲೀಸ್ ಜೀಪು ಬಂತು.

"ನಡು ಹಗಲಾಗ ಜೂಜು ನಡಸೀರೇನ?" ಎಂದು ಇಳಿದರು ಪಿ.ಎಸ್.ಐ. ಸಾಹೇಬರು.

"ಜೂಜಲ್ರಿ ಸಾಹೇಬ್ರ. ಇವು ಗುರುತಿನ ಎಲಿ. ಹಿಂದ ನೋಡಿದ್ರ ಸಾಕು, ಮುಂದೇನದ ಅಂತ ನಂಗೆಲ್ಲ ಗೊತ್ತಾಗ್ತದ" ಎಂದೆ. ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು, ಏನು ಹೇಳಿದೆ ಎಂದು.

"ಅಂದ್ರ ಜೂಜಷ್ಟ ಅಲ್ಲ, ಮೋಸಾನೂ ಮಾಡಾಕತ್ತಿ." ನನ್ನ ಚೀಲ ಬಿಚ್ಚಿಸಿದರು. ಒಳಗೆ ಸೂಜಿ, ಹತ್ತಿ, ರಕ್ತ ಸವರಿದ ಗಾಜಿನ ಪಟ್ಟಿಗಳು. ಸಾಹೇಬರು ಒಂದು ಪಟ್ಟಿ ಬಿಸಿಲಿಗೆ ಹಿಡಿದು ನೋಡಿ ಹೌಹಾರಿದರು. "ಲೇ, ಸೋತವರ ರಕ್ತಾನೂ ಬಿಡಂಗಿಲ್ಲೇನೋ ನೀ?"

ಆಗ ಕೂಲಿಯವರು, ಯಾರೂ ಹೇಳಿಕೊಡದೆ, ಸಾಲಾಗಿ ಎಡಗೈ ಬೆರಳು ಎತ್ತಿ ನಿಂತರು. ಒಬ್ಬೊಬ್ಬರ ಬೆರಳ ತುದಿಗೂ ಒಂದೊಂದು ಕೆಂಪು ಚುಕ್ಕಿ. "ನಮ್ಮ ಜಡ್ಡು ನೋಡಾಕ ಬಂದಾರ್ರಿ, ಬಿಡ್ರಿ ಅವರನ್ನ" ಎಂದ ಆ ಅಳಿಯ. ನನ್ನ ಕಣ್ಣು ತುಂಬಿ ಬಂತು.

ಸಾಹೇಬರು ನಕ್ಕರು. ಜೊತೆಗಿದ್ದ ದಪ್ಪ ಮೀಸೆಯ ಪೇದೆ, "ನಂದೂ ತಗೀರಿ" ಎಂದು ಬೆರಳು ಕೊಟ್ಟ. ಎಲೆ ಸರಿಯಾಗಿಯೇ ಹೇಳಿದೆ, ಆದರೆ ಅವನು ಎಲೆ ಬಿಟ್ಟು ಹನಿ ನೋಡಿದ. ಮರಕ್ಕೆ ಒರಗಿದವನು ಅಲ್ಲೇ ಮೂರ್ಛೆ ಹೋದ. ನೀರು ಚಿಮುಕಿಸುತ್ತ ನಾನು, "ಸಾಹೇಬ್ರ, ಇನ್ನು ತಮ್ಮದು?" ಎಂದೆ. ಸಾಹೇಬರಿಗೆ ಎಲ್ಲೋ ತುರ್ತು ಕೆಲಸ ನೆನಪಾಯಿತು. ಪೇದೆಯನ್ನು ಅಲ್ಲೇ ಬಿಟ್ಟು ಜೀಪು ಹೋಯಿತು.

ಬದಾಮ್ ರಾಣಿ

ಮಲೇರಿಯಾದವನನ್ನು ಇಸ್ಪೀಟಿನಲ್ಲಿ ಹಿಡಿದರಂತೆ ಎಂಬ ಸುದ್ದಿ ನನ್ನ ಸೈಕಲ್‌ಗಿಂತ ಮುಂದೆ ಓಡಿತು. ಆ ತಿಂಗಳೇ ಶಹಾಪುರದಲ್ಲಿ ಒಂದು ಹೆಣ್ಣು ನೋಡಲು ನಾನೂ ಅವ್ವನೂ ಹೋಗಿದ್ದೆವು. ಕೂತ ಕೂಡಲೇ ಹುಡುಗಿಯ ಸೋದರಮಾವ ಕೇಳಿದರು: "ನೀವು ಇಸ್ಪೀಟ್ ಆಡ್ತೀರಂತ. ಪೊಲೀಸ್ರು ಬಂದಿದ್ರಂತ. ಖರೆ ಏನ್ರಿ?"

ಅವ್ವನ ಮುಖ ಸಣ್ಣದಾಯಿತು. "ಆಡಂಗಿಲ್ರಿ ಯಣ್ಣಾ. ಎಲಿ ತೋರ್ಸಿ ಮಂದಿಗೆ ಸೂಜಿ ಚುಚ್ತಾನ, ಅಷ್ಟ" ಎಂದಳು. ಬಾಗಿಲಲ್ಲಿದ್ದ ಹೆಂಗಸರೆಲ್ಲ ಒಳಗೆ ಸರಿದರು.

"ಹಂಗಾರ ನಮ್ಮ ಮುಂದ ಮಾಡಿ ತೋರಸ್ರಿ" ಎಂದರು ಮಾವ. "ಎಲಿ ಖರೆ ಬಂದ್ರ ಮುಂದಿನ ಮಾತು. ಸುಳ್ಳಾದ್ರ ಚಾ ಕುಡದು ಹೊಂಡ್ರಿ."

ಕಟ್ಟು, ಸೂಜಿ ಹೊರಗೆ ತೆಗೆದೆ. ಬೆರಳು ಯಾರು ಕೊಡಬೇಕು? ಒಬ್ಬರೂ ಮುಂದೆ ಬರಲಿಲ್ಲ. ಆಗ ಮಂಡಕ್ಕಿ ಸುಸಲಾದ ತಟ್ಟೆ ತಂದ ಹುಡುಗಿ, ತಟ್ಟೆ ಕೆಳಗಿಟ್ಟು, ನನ್ನ ಎದುರಿಗೇ ಕೂತು ಎಡಗೈ ಚಾಚಿದಳು. ಬಲಗೈಯಿಂದ ಒಂದು ಎಲೆ ಎಳೆದುಕೊಂಡಳು. ಎಳೆದುಕೊಂಡವಳು ಬೇರೆಯವರ ಹಾಗೆ ಹಿಡಿದುಕೊಳ್ಳಬೇಕೋ ಬೇಡವೋ? ಮರ್ಯಾದಸ್ಥ ಹುಡುಗಿ, ಸೆರಗಿನೊಳಗೆ ಇಟ್ಟುಕೊಂಡುಬಿಟ್ಟಳು.

ನನಗೆ ಎಲೆಯ ಬೆನ್ನು ಕಾಣಬೇಕು. ಕಾಣುತ್ತಿದ್ದದ್ದು ಹಸಿರು ಸೆರಗು. ಇತ್ತ ಅವ್ವ ಉಸಿರು ಹಿಡಿದು ಕೂತಿದ್ದಾಳೆ, ಅತ್ತ ಮಾವ ಚಹದ ಕಪ್ಪು ಮುಂದೆ ಸರಿಸುತ್ತಿದ್ದಾರೆ. ನನ್ನ ಕೈ ನಡುಗತೊಡಗಿತು. ಅಷ್ಟರಲ್ಲಿ ಸೆರಗಿನ ಅಂಚಿನಿಂದ ಅವಳ ಬೆರಳ ತುದಿ ಕಂಡಿತು. ಕೆಂಪಾಗಿತ್ತು. ಕುಂಕುಮ! ಅವ್ವ ಹಚ್ಚಿದ ಕುಂಕುಮ!

"ಬದಾಮ್ ರಾಣಿ" ಎಂದೆ.

ಹುಡುಗಿ ನನ್ನನ್ನೊಮ್ಮೆ ನೋಡಿ, "ಹೌದ್ರಿ" ಎಂದು ಎಲೆಯನ್ನು ತಾನೇ ಕಟ್ಟಿನ ನಡುವೆ ತುರುಕಿದಳು. ಮಾವ ತೊಡೆ ತಟ್ಟಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹುಡುಗಿಯ ಕೈ ಹಿಡಿದುಕೊಂಡು ಹಾಗೇ ಕೂತಿದ್ದೆ. ಕೊನೆಗೆ ಅವಳೇ ಮೆಲ್ಲಗೆ, "ಸೂಜಿ ಚುಚ್ಚರಿ, ಎಲ್ಲಾರೂ ನೋಡಾಕತ್ಯಾರ" ಎಂದಳು.

ರಕ್ತದಲ್ಲಿ ಏನೂ ಇರಲಿಲ್ಲ. ಆ ಸುದ್ದಿ ಹೇಳಲು ನಾನೇ ಸೈಕಲ್ ತುಳಿದುಕೊಂಡು ಹೋದೆ. ಮದುವೆಯಾಯಿತು. ಬಂದವರಿಗೆಲ್ಲ ನಾನು ಈ ಕತೆ ಹೇಳುತ್ತಿದ್ದೆ, ಹೇಳಿದಾಗಲೆಲ್ಲ ಅವ್ವ ಹಿಗ್ಗುತ್ತಿದ್ದಳು. ತಾನು ಹಚ್ಚಿದ ಕುಂಕುಮವೇ ಸೊಸೆಯನ್ನು ತಂದಿತೆಂದು ನಂಬಿಕೊಂಡೇ ಆ ಜೀವ ಹೋಯಿತು.

ಮೊನ್ನೆ ಯಾರೋ ನೆಂಟರು ಬಂದಿದ್ದರು. ಮತ್ತೆ ಹೇಳಿದೆ. ಅವರು ಹೋದ ಮೇಲೆ ಹೆಂಡತಿ ಮೆಂತ್ಯೆ ಸೊಪ್ಪು ಬಿಡಿಸುತ್ತ, "ಒಂದು ಮಾತು ಹೇಳ್ಲೇನ್ರಿ? ಅತ್ತಿ ಇರೋ ತನಕ ಹೇಳಬಾರ್ದಂತ ಸುಮ್ಮನಿದ್ದೆ" ಎಂದಳು. "ಅವತ್ತು ನನ್ನ ಬೆರಳಿಗಿದ್ದದ್ದು ಅತ್ತಿ ಕುಂಕುಮ ಅಲ್ರಿ. ನಂದು. ಗಡಿಬಿಡಿಲೆ ಹಣಿಗೆ ಹಚ್ಕೊಂಡು ಹಂಗ ಬಂದಿದ್ದೆ."

"ಅಂದ್ರ ಅದು ಬದಾಮ್ ರಾಣಿ ಅಲ್ಲೇನು? ಮತ್ತ ಯಾವ ಎಲಿ ಇತ್ತು?"

"ಯಾರಿಗ್ ಗೊತ್ತು?"

"ಯಾರಿಗ್ ಗೊತ್ತಂದ್ರ? ಎಲಿ ನಿನ್ನ ಕೈಯಾಗ ಇತ್ತಲ್ಲ!"

"ಕೈಯಾಗಿತ್ತು. ನೋಡಿದ್ಯಾರು?" ಎಂದಳು. "ನಿಮ್ಮ ಕೈ ಆ ನಮೂನಿ ನಡಗಾಕತ್ತಿತ್ತು. ನಾ ಅದನ್ನ ನೋಡ್ತಾ ಕುಂತಿದ್ದೆ. ನೀವು ಏನಂದ್ರೂ ಹೌದು ಅನ್ನೋದಂತ ಆಗಲೇ ಠರಾಯಿಸಿದ್ದೆ."

ಎದ್ದುಹೋಗಿ ಟ್ರಂಕಿನಿಂದ ಹಳೇ ಕಟ್ಟು ತಂದು ಅವಳ ಮುಂದೆ ಹಿಡಿದೆ. ಸೊಪ್ಪು ಪಕ್ಕಕ್ಕೆ ಸರಿಸಿ ಒಂದು ಎಲೆ ಎಳೆದುಕೊಂಡಳು. ತಿರುಗಿಸಿ ನೋಡಲಿಲ್ಲ, ಹಾಗೇ ಸೆರಗಿನೊಳಗೆ ಇಟ್ಟುಕೊಂಡಳು.

"ಬದಾಮ್ ರಾಣಿ" ಎಂದೆ.

"ಹೌದ್ರಿ" ಎಂದಳು.

ಕುಂಕುಮದ ಎಲೆ ನನ್ನ ಕೈಯಲ್ಲೇ ಇತ್ತು, ಕಟ್ಟಿನ ಮೇಲೆ, ಕೆಂಪಗೆ.