ಕೆಚ್ಚೆದೆಯೂ ಕೆಚ್ಚಲೂ

ಕನ್ನಡ ಮೇಷ್ಟ್ರಾದವನು ಒಂದು ಪದಕ್ಕೆ ಅರ್ಥ ಹೇಳಿ ಸುಮ್ಮನೆ ಮನೆಗೆ ಹೋಗುವ ಹಾಗಿಲ್ಲ. ಪದವೂ ಬಸ್ಸು ಹತ್ತಿ ಹಿಂದೆಯೇ ಬರುತ್ತದೆ. ನಮ್ಮ ಹುಲ್ಲಹಳ್ಳಿ ಕಡೆ ಇದು ಇದ್ದದ್ದೇ.

ಕ್ಲಾಸಿನಲ್ಲಿ

‘ಕೆಚ್ಚೆದೆ’ ಎಂದರೇನು ಎಂದು ಎಂಟನೇ ಕ್ಲಾಸಿನಲ್ಲಿ ಕೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದಳು.

“ಕೆಚ್ಚಲು ಗೊತ್ತು ಸಾ, ಎದೆನೂ ಗೊತ್ತು. ಎಲ್ಡೂ ಒಂದೇ ಜಾಗದಲ್ಲಿರೋ ಅಸೂನ ನಾ ಕಂಡಿಲ್ಲ.”

ಕೆಚ್ಚು ಅಂದರೆ ಮರದ ನಡುವಿನ ಗಟ್ಟಿ ತಿರುಳು, ಊರಲ್ಲಿ ಚೇಗು ಅಂತೀರಲ್ಲ, ಅದು. ಹೊರಗಿನದಕ್ಕೆ ಹುಳ ಹಿಡಿದರೂ ಇದಕ್ಕೆ ಹಿಡಿಯದು. ಅಂಥ ಎದೆಯೇ ಕೆಚ್ಚೆದೆ ಎಂದು ಬಿಡಿಸಿ ಹೇಳಿದೆ. ಅವಳ ಮುಖ ಅರಳಿತು. ಅವಳಪ್ಪ ಊರಿನ ಹಾಲಿನ ಡೇರಿ ಎಲೆಕ್ಷನ್ನಿಗೆ ನಿಂತಿದ್ದ. ಹೋದ ಸಲ ಸೋತು, ತಲೆ ತಗ್ಗಿಸಿಕೊಂಡು ಓಡಾಡಿದವನು. ಈ ಸಲ ಫ್ಲೆಕ್ಸಿಗೆ ಗಟ್ಟಿ ಪದವೊಂದು ಬೇಕಿತ್ತಂತೆ.

“ನಮ್ಮಪ್ಪಂಗೆ ಸರ್ಯಾಗದೆ ಸಾ. ಅವ್ವ ದಿನಾ ಮರ ಮರ ಅಂತ್ಲೇ ಬಯ್ಯೋದು.”

ಮನೆಯಲ್ಲಿ

ಅಂದು ಸಂಜೆ ನಂಜನಗೂಡಿನಲ್ಲಿ ಬಸ್ಸಿಳಿದು ಬಂದವನು ಅದೇ ಪಾಠವನ್ನು ನನ್ನಾಕೆಗೂ ಒಪ್ಪಿಸಿದೆ. ಅಷ್ಟರಲ್ಲಿ ಬಚ್ಚಲಿನಿಂದ ಜಿರಲೆ ಹಾರಿ ಬಂತು. ಹೇಗೆ ಹತ್ತಿದೆನೋ ಕಾಣೆ, ನಾನು ಕುರ್ಚಿಯ ಮೇಲಿದ್ದೆ. ಅವಳು ಪೊರಕೆಯಲ್ಲಿ ಅದರ ಕಥೆ ಮುಗಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇಳೀರಿ. ನಿಮ್ಮ ಮರದಲ್ಲಿ ತೊಗಟೆ ಒಂದೇ ಇರೋದು.”

ಡೇರಿ ಮುಂದೆ

ಹುಡುಗಿಯ ಅಪ್ಪ ತಿ. ನರಸೀಪುರದ ಫ್ಲೆಕ್ಸ್ ಅಂಗಡಿಗೆ ಫೋನಿನಲ್ಲೇ ‘ಕೆಚ್ಚೆದೆಯ ಕಲಿ’ ಎಂದು ಹೇಳಿದ್ದ. ಯಾವ ಎಲೆಕ್ಷನ್ ಎಂದು ಅಂಗಡಿಯವನು ಕೇಳಿದನಂತೆ. ಡೇರಿ ಅಂದದ್ದೇ ತಡ, ಪಾಪ, ತಪ್ಪು ತಿದ್ದಿದೆ ಎಂದುಕೊಂಡು ‘ಕೆಚ್ಚಲಿನ ಕಲಿ’ ಎಂದು ಆಳುದ್ದ ಅಕ್ಷರದಲ್ಲಿ ಅಚ್ಚು ಹಾಕಿದ. ಓಟಿನ ದಿನ ಬೆಳಿಗ್ಗೆ ಕಟ್ಟಿದ ಮೇಲೆಯೇ ಎಲ್ಲರೂ ಓದಿದ್ದು.

ಅಪ್ಪ ಸ್ಕೂಲಿನ ಗೇಟಿಗೆ ಓಡಿ ಬಂದ. “ಮಾನ ಓಯ್ತು ಸಾ. ಈ ಸಲನೂ ಸೋತ್ರೆ ಊರಲ್ಲಿ ಎಂಗೆ ತಲೆ ಎತ್ಲಿ?”

ಫ್ಲೆಕ್ಸ್ ಬಿಚ್ಚಿಸೋಣ ಎಂದು ಜೊತೆಗೆ ಹೋದೆ. ಹಾಲು ಹಾಕಲು ಬಂದ ಹೆಂಗಸರು ಕ್ಯಾನು ಕೆಳಗಿಟ್ಟು ನಗುತ್ತಿದ್ದರು. ಎಲೆಕ್ಷನ್ನಿಗೆ ನಿಂತ ಮಿಕ್ಕವರೆಲ್ಲ ತಮ್ಮ ಮೀಸೆಯನ್ನೇ ಹೊಗಳಿಕೊಂಡರು, ಹಾಲು ಎಲ್ಲಿಂದ ಬರುತ್ತದೆ ಎಂದು ಗೊತ್ತಿರುವವನು ಇವನೊಬ್ಬನೇ ಎಂದು ಮಾತಾಡಿಕೊಂಡು ಅವನಿಗೇ ಓಟು ಒತ್ತಿದರು. ಗೆದ್ದೇಬಿಟ್ಟ.

ಇನ್ನು ಹಾಕಿಸುವ ಫ್ಲೆಕ್ಸಿನಲ್ಲಾದರೂ ಸರಿಯಾಗಿ ಕೆಚ್ಚೆದೆ ಅಂತಲೇ ಬರೆಸಪ್ಪ ಎಂದೆ. ಅವನು ತಲೆ ಎತ್ತಿಯೇ ಹೇಳಿದ:

“ಬ್ಯಾಡಿ ಸಾ. ಎದೆ ನನ್ನೊಬ್ಬಂದು. ಕೆಚ್ಚಲಾದ್ರೆ ಊರ್ಗೆಲ್ಲಾ ಸೇರಿದ್ದು.”