ಕಪ್ಪೆಯ ನಂತರದ ಪಾಠ

ನಮ್ಮ ಮಾವನಿಗೆ ನಾಚಿಕೆ ಎಂಬುದೇ ಇರಲಿಲ್ಲ. ಇದು ಬೈಗುಳವಲ್ಲ, ಅವರೇ ಒಪ್ಪಿಕೊಂಡ ಸಂಗತಿ. ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಅವರು ಜೀವಶಾಸ್ತ್ರದ ಮೇಷ್ಟರು. "ಕಪ್ಪೆಗಿಲ್ಲದ ನಾಚಿಕೆ ನನಗ್ಯಾಕೆ?" ಎನ್ನುತ್ತಿದ್ದರು. ಕಪ್ಪೆಗೆ ನೆಂಟರಿಲ್ಲ ಎನ್ನುವುದು ಅವರಿಗೆ ಹೊಳೆದಿರಲಿಲ್ಲ! ಅವರಿಗೆ ನೆಂಟರಿದ್ದರು. ಆ ನೆಂಟರಲ್ಲೊಬ್ಬ ಅವರ ಮನೆಯಲ್ಲೇ ಉಂಡು, ಅವರ ಕ್ಲಾಸಿನಲ್ಲೇ ಕೂತು, ಇವತ್ತು ಏನು ಮಾತಾಡಿಬಿಡುತ್ತಾರೋ ಎಂದು ಬೆವರುತ್ತಿದ್ದ. ಅವನೇ ನಾನು.

ಕೊಯಮತ್ತೂರಿನ ಹತ್ತಿರದ ಸಿರುಮುಗೈಯಲ್ಲಿ ಕನ್ನಡವಾಡುವ ನೇಕಾರರ ಮನೆ ನಮ್ಮದು. ಮಾವ ಅಂದರೆ ನನ್ನ ಅವ್ವನ ತಮ್ಮ. ಸಾಲದ್ದಕ್ಕೆ ನನ್ನ ಅಕ್ಕನನ್ನೇ ಮದುವೆಯಾಗಿದ್ದರಿಂದ ಭಾವನೂ ಹೌದು. ಮಾವನೆಂದು ಗೌರವ ಕೊಡಲೋ, ಭಾವನೆಂದು ತಮಾಷೆ ಮಾಡಲೋ, ಮೇಷ್ಟರೆಂದು ಹೆದರಲೋ? ನಾನು ಹೆದರುವುದನ್ನೇ ಆರಿಸಿಕೊಂಡಿದ್ದೆ.

ಆಗ ನನಗೆ ಇಪ್ಪತ್ತೊಂದು. ವೆಳ್ಳಕೋಯಿಲ್‌ನ ನೂಲು ವ್ಯಾಪಾರಿಯ ಎರಡನೇ ಮಗಳೊಂದಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗಿಗೆ ಹತ್ತೊಂಬತ್ತು ತುಂಬಿತ್ತು. ಅವಳೂ ಒಪ್ಪಿದ್ದಳು, ಜಾತಕವೂ ಒಪ್ಪಿತ್ತು. ಒಪ್ಪದೆ ಉಳಿದದ್ದು ನನ್ನ ಧೈರ್ಯವೊಂದೇ. ಮದುವೆಯಾದ ಮೇಲೆ ಏನು, ಹೇಗೆ? ಯಾರನ್ನು ಕೇಳುವುದು? ಅಪ್ಪನನ್ನೇ? ಅದಕ್ಕಿಂತ ಭವಾನಿ ಹೊಳೆಗೆ ಹಾರುವುದು ಸುಲಭ! ಗೆಳೆಯರು ಒಬ್ಬೊಬ್ಬರು ಒಂದೊಂದು ಹೇಳಿ ನನ್ನನ್ನು ಅರ್ಧ ಕೊಂದರು. ಉಳಿದರ್ಧವನ್ನು ಕೊಯಮತ್ತೂರಿನ ಉಕ್ಕಡದ ರಸ್ತೆಬದಿಯಲ್ಲಿ ಲೇಹ್ಯ ಮಾರುವವನು ಮುಗಿಸಿದ.

"ತಂಬಿ, ಕಣ್ಣು ಗುಳಿ ಬಿದ್ದಿದೆ. ಈ ಉಡಂಬು, ಈ ಮೈ ಇಟ್ಕೊಂಡು ಕಲ್ಯಾಣ ಬೇರೆಯಾ?"

ಅದು ಪರೀಕ್ಷೆಗೆ ಓದಿ ಗುಳಿಬಿದ್ದ ಕಣ್ಣು ಎನ್ನುವ ಧೈರ್ಯ ನನಗೆಲ್ಲಿ? ಡಬ್ಬಿ ಕೊಂಡೆ. ಬೇಗ ಗುಣವಾಗಲೆಂದು ಒಂದೇ ಸಲಕ್ಕೆ ಬಳಿದು ನೆಕ್ಕಿದೆ. ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಹಿತ್ತಿಲೇ ನನ್ನ ವಾಸಸ್ಥಾನವಾಯಿತು. ಅಕ್ಕ ಮಜ್ಜಿಗೆ ಹಿಡಿದು ಅಳುತ್ತಿದ್ದಳು. ಮಾವ ಡಬ್ಬಿ ಮೂಸಿ ನೋಡಿ, ಕದದಾಚೆಯಿಂದ ಕೂಗಿದರು:

"ಏನ್ಲಾ, ಗಂಡಸ್ತನಕ್ಕಾ ತಿಂದೆ?"

ಪಕ್ಕದ ಮನೆಯ ಬಾವಿಯ ರಾಟೆ ಗಕ್ಕನೆ ನಿಂತಿತು!

"ಹೊಟ್ಟೆಗೆ, ಮಾವಾ!"

"ಹೊಟ್ಟೆಗೆ ಏನೂ ಆಗಿರ್ಲಿಲ್ವಲ್ಲೋ! ಈಗ ಆಗಿದೆ ನೋಡು!"

ಸಂಜೆ ನಾನು ಜೀವಂತವಾಗಿ ಹೊರಬಂದ ಮೇಲೆ ಎದುರು ಕೂರಿಸಿಕೊಂಡು ವಿಚಾರಿಸಿದರು. ಕೇಳಿದ್ದನ್ನೆಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ.

"ನಿನ್ ಕ್ಲಾಸೋರೆಲ್ಲ ಹಿಂಗೇ ಭಯ ಬಿದ್ದವ್ರಾ?"

"ಎಲ್ರೂ, ಮಾವ."

"ಸರಿ. ನಾಳೆ ಪಾಠ."

ನಮ್ಮ ಪಠ್ಯಪುಸ್ತಕದಲ್ಲಿ ಕಪ್ಪೆ ಮುಗಿದ ಮೇಲೆ ಮನುಷ್ಯರದೂ ಒಂದು ಅಧ್ಯಾಯವಿತ್ತು. ಇದುವರೆಗಿನ ಮೇಷ್ಟರೆಲ್ಲ "ಅದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಹೇಳಿ ಪುಟ ಹಾರಿಸಿದವರೇ. ಮಾವ ಹಾರಿಸಲಿಲ್ಲ. ಇಂಗ್ಲಿಷಿನಲ್ಲಿ ಶುರುಮಾಡಿ, ಹುಡುಗರ ಮುಖ ನೋಡಿ ತಮಿಳಿಗಿಳಿದು, ಗಂಡಿನ ದೇಹ, ಹೆಣ್ಣಿನ ದೇಹ ಎಂದು ಮಗ್ಗದ ಭಾಗಗಳನ್ನು ವಿವರಿಸುವಷ್ಟು ನಿರಾಳವಾಗಿ ಹೇಳತೊಡಗಿದರು. ಲೇಹ್ಯಗಳೆಲ್ಲ ಸುಳ್ಳು ಎಂದಾಗ ಕ್ಲಾಸಿನ ಉದ್ದಕ್ಕೂ ಒಂದು ನಿಟ್ಟುಸಿರು! ಡಬ್ಬಿ ನೆಕ್ಕಿದವನು ನಾನೊಬ್ಬನೇ ಅಲ್ಲ ಎಂದು ಆಗ ಗೊತ್ತಾಯಿತು.

ಅಷ್ಟಕ್ಕೇ ಬಿಟ್ಟರೆ ಅವರು ನಮ್ಮ ಮಾವ ಹೇಗಾದಾರು? ನಮ್ಮ ತಲೆಯ ಮೇಲಿನ ನೀಲಗಿರಿಯಲ್ಲೇ ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿ ಇರುವ ಜನರಿದ್ದಾರೆ ಎಂದರು. ಘಟ್ಟದಾಚೆ ಮಲಯಾಳದಲ್ಲಿ ಹೆಂಡತಿ ತವರಲ್ಲೇ ಇರುತ್ತಾಳೆ, ಗಂಡನೇ ಬಂದು ಹೋಗುತ್ತಾನೆ ಎಂದರು. ಗಂಡಾಗಿ ಹುಟ್ಟಿ ಸೀರೆ ಉಟ್ಟು ಬದುಕುವವರ ಮಾತು ಬಂದಾಗ ಹಿಂದಿನ ಬೆಂಚು ಕಿಸಕ್ಕೆಂದಿತು. ಮಾವ ನಗು ಮುಗಿಯುವವರೆಗೆ ಕಾದರು.

"ಅವರನ್ನೂ ಒಬ್ಬಳು ತಾಯಿ ಹೆತ್ತಿದ್ದಾಳೆ. ಅವಳ ಮುಂದೆ ನಿಂತು ಹೀಗೇ ನಗುತ್ತೀರಾ?"

ಹಿಂದಿನ ಬೆಂಚು ತಲೆ ತಗ್ಗಿಸಿತು. ಒಬ್ಬ ಧೈರ್ಯಸ್ಥ ಎದ್ದು, "ಅಕ್ಕನ ಮಗಳನ್ನು ಕಟ್ಟಿಕೊಳ್ಳುವುದು ತಪ್ಪಾ ಸಾರ್?" ಎಂದ.

"ಉತ್ತರದವರಿಗೆ ಪಾಪ, ನಮಗೆ ಹಕ್ಕು. ಬೇಕಾದರೆ ಇಗೋ, ಇವನನ್ನು ಕೇಳು. ಇವನಕ್ಕನೇ ನನ್ನ ಹೆಂಡತಿ!"

ಇಡೀ ಕ್ಲಾಸು ನನ್ನತ್ತ ತಿರುಗಿತು. ಭೂಮಿ ಬಿರಿಯಬಾರದೇ ಎಂದುಕೊಂಡೆ. ಬಿರಿಯಲಿಲ್ಲ.

ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು ಹೇಳಿದರು: "ಊರಿಗೊಂದು ಕಟ್ಟಳೆ ಇರಬಹುದು. ಆದರೆ ಮೊದಲ ರಾತ್ರಿ ನಿಮ್ಮೆದುರಿಗಿರುವುದು ಒಂದು ಜೀವ. ನಿಮಗಿಂತ ಹೆಚ್ಚು ಹೆದರಿರುತ್ತೆ. ಮೊದಲು ಕೇಳಿ. ಬೇಡ ಅಂದರೆ ಬೇಡ. ಸುಮ್ಮನೆ ಮಾತಾಡುತ್ತಾ ಕೂತಿರಿ."

ಸುದ್ದಿ ನಮಗಿಂತ ಮೊದಲೇ ಊರು ಸುತ್ತಿತು. ಪ್ರಿನ್ಸಿಪಾಲರು ಕರೆಸಿ, ಇನ್ನೊಮ್ಮೆ ಕಪ್ಪೆಯನ್ನು ದಾಟಿದರೆ ಕೆಲಸವಿಲ್ಲ ಎಂದರು. "ಕಪ್ಪೆಯವರೆಗೆ ಮಾತ್ರ ಸಂಬಳವಂತೆ!" ಎಂದು ಮಾವ ಮನೆಗೆ ಬಂದು ನಕ್ಕರು. ಆದರೆ ಆ ದಿನ ಸರಿಯಾಗಿ ಉಣ್ಣಲಿಲ್ಲ.

ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ನನ್ನ ಭಾವೀ ಮಾವ! ವೆಳ್ಳಕೋಯಿಲ್‌ನಿಂದ ಬಸ್ಸಿನಲ್ಲಿ ಬಂದಿದ್ದರು. ಅಕ್ಕ ಕೊಟ್ಟ ನೀರು ಮುಟ್ಟಲಿಲ್ಲ. ನಾನು ಅಡಿಗೆಮನೆಯ ಕದದ ಹಿಂದೆ ಸೇರಿಕೊಂಡೆ.

"ಊರೆಲ್ಲ ಅದೇ ಪೇಚ್ಚು, ಅದೇ ಮಾತು. ಓದೋ ಹುಡುಗ್ರಿಗೆ ಏನ್ ಸಾಮಿ ಹೇಳ್ಕೊಟ್ರಿ? ಇಂಥ ಮನೆಗೆ ನಮ್ ಪೊಣ್ಣು ಕೊಡೋದಾ?"

"ಏನಾದರೂ ಸುಳ್ಳು ಹೇಳಿ ಮಾವಾ, ಹೃದಯ, ಶ್ವಾಸಕೋಶ ಅಂತೇನಾದರೂ ಹೇಳಿ" ಎಂದು ನಾನು ಒಳಗೇ ಬೇಡಿಕೊಂಡೆ. ಮಾವ ಕುರ್ಚಿ ಎಳೆದುಕೊಂಡು ಕೂತರು. ಕಪ್ಪೆಯ ನಂತರ ಹೇಳಿದ್ದೆಲ್ಲವನ್ನೂ ಒಂದಕ್ಷರ ಬಿಡದೆ ಆ ಮನುಷ್ಯನಿಗೆ ಹೇಳಿದರು. ಕೇಳಬೇಕು ಎಂದದ್ದನ್ನೂ, ಬೇಡ ಅಂದರೆ ಬೇಡ ಎಂದದ್ದನ್ನೂ.

ಭಾವೀ ಮಾವ ಏಳಲಿಲ್ಲ, ಬೈಯಲಿಲ್ಲ. ಹೆಗಲ ಟವಲಿನಿಂದ ಮುಖ ಒರೆಸಿಕೊಂಡರು.

"ದೊಡ್ಡವಳ ಕಲ್ಯಾಣ ಹೋದ ವರ್ಷ ಮಾಡ್ದೆ ಸಾಮಿ. ಒಂದು ವಾರಕ್ಕೇ ಮನೆಗೆ ಬಂದ್ಬಿಟ್ಳು. ತಿರುಗಿ ಹೋಗಲ್ಲ ಅಂತಾಳೆ, ಯಾಕೆ ಅಂತ ಹೇಳಲ್ಲ. ನಾನೂ ಕೇಳ್ಲಿಲ್ಲ. ಅಪ್ಪ ಆದವನು ಏನಂತ ಕೇಳೋದು? ಆ ಮಾಪಿಳ್ಳೆಗೆ, ನಮ್ ಅಳಿಯನಿಗೆ ಇದನ್ನ ಯಾರಾದ್ರೂ ಹೇಳಿದ್ರೆ..."

ಅಕ್ಕ ಹೊರಗೆ ಹೋಗಿ ನೀರಿನ ಚೆಂಬನ್ನು ಮತ್ತೆ ಅವರ ಮುಂದಿಟ್ಟಳು.

"ಅವಳನ್ನ ಇಲ್ಲಿಗೆ ಕಳ್ಸಿ ಅಪ್ಪಾ. ನನ್ ಕೂಡ ನಾಲ್ಕು ದಿನ ಇರ್ಲಿ. ಹೇಳ್ಬೇಕು ಅನ್ಸಿದ್ರೆ ಹೇಳ್ತಾಳೆ. ಅನ್ಸದಿದ್ರೆ ಸುಮ್ನೆ ಇರ್ಲಿ."

ಅವರು ನೀರು ಕುಡಿದರು. ಹೊರಡುವಾಗ ಕದದ ಹಿಂದೆ ನಿಂತಿದ್ದ ನನ್ನನ್ನು ಕಂಡು, ಬಳಿಗೆ ಬಂದು ಭುಜದ ಮೇಲೆ ಕೈಯಿಟ್ಟರು.

"ಮುಹೂರ್ತಕ್ಕೆ ಮುಂಚೆ ಆ ಪಾಠ ಇನ್ನೊಂದ್ಸಲ ಕೇಳ್ಕೊ, ಮಾಪಿಳ್ಳೆ."